ಕಚೇರಿಯ ಕಾರ್ಡುಗಳಿಗೆ ಬೆಂಕಿ ಇಟ್ಟವರು

ಎಲ್ಲರಿಗೂ ನಮಸ್ಕಾರ.

2012ರಲ್ಲಿ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಆ ಮೊಕದ್ದಮೆಯಲ್ಲೇ, 2017ರ ಆಗಸ್ಟ್ 24ರಂದು. ಆದರೂ ಜನ ಈಗಲೂ ಕೇಳುತ್ತಾರೆ: "ನಾನೇನು ಕಳ್ಳನಾ? ನನ್ನ ವಿವರ ಸರ್ಕಾರದ ಹತ್ತಿರ ಇದ್ದರೆ ಇರಲಿ ಬಿಡಿ."

ಈ ಮಾತು ಕೇಳಿದಾಗಲೆಲ್ಲ ನನಗೆ ನೆದರ್‌ಲೆಂಡ್ಸ್ ನೆನಪಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮೊದಲೇ ಅಲ್ಲಿನ ಪುರಸಭೆಗಳು ಪ್ರತಿಯೊಬ್ಬರ ಹೆಸರು, ವಿಳಾಸ, ಧರ್ಮ ಎಲ್ಲವನ್ನೂ ಬರೆದಿಡುತ್ತಿದ್ದವು. ಬರೆಸಿದವರಿಗೆ ಭಯವಿರಲಿಲ್ಲ. ಕೇಳಿದ್ದು ಅವರದೇ ಸರ್ಕಾರ ಅಲ್ವಾ? 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ನುಗ್ಗಿತು. ಬರೆದಿಟ್ಟದ್ದೆಲ್ಲ ಅವರ ಕೈಗೆ ಹೋಯಿತು.

ಮುಂದಿನ ವರ್ಷ ಗುರುತಿನ ಚೀಟಿ ಬಂತು, ಫೋಟೋ, ಬೆರಳಚ್ಚು ಸಮೇತ. ಯಹೂದಿಗಳ ಚೀಟಿಯ ಮೇಲೆ 'ಜೆ' ಎಂಬ ಮುದ್ರೆ. ಆ ಚೀಟಿ ರೂಪಿಸಿದವನು ಯಾಕೋಬ್ ಲೆಂಟ್ಸ್, ಒಬ್ಬ ಡಚ್ ಅಧಿಕಾರಿ. ಯಾರೂ ನಕಲು ಮಾಡಲಾಗದಂಥ ಚೀಟಿ ಮಾಡಬೇಕು ಎಂಬುದು ಅವನ ಹಟ. ಅವನ ಬಗ್ಗೆ ಓದುವಾಗ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಕೆಲಸ ಅಚ್ಚುಕಟ್ಟಾಗಿತ್ತು. ಅಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಾಜಿಗಳು ಕೊಂದರು.

ಆಫ್ರಿಕಾದ ರುವಾಂಡಾದಲ್ಲೂ ಹೀಗೇ ಆಯಿತು. ಅದನ್ನು ಆಳುತ್ತಿದ್ದ ಬೆಲ್ಜಿಯಂನವರು 1930ರ ದಶಕದಲ್ಲಿ ಗುರುತಿನ ಚೀಟಿಯಲ್ಲಿ ಜನ ಯಾವ ಸಮುದಾಯದವರು, ಹುಟುವೋ ಟುಟ್ಸಿಯೋ ಎಂದು ಬರೆಸಿದರು. ಸ್ವಾತಂತ್ರ್ಯ ಬಂದ ಮೇಲೂ ಆ ಸಾಲು ಹಾಗೇ ಉಳಿಯಿತು. 1994ರಲ್ಲಿ ಟುಟ್ಸಿಗಳ ನರಮೇಧ ನಡೆದಾಗ ರಸ್ತೆಗೆ ಅಡ್ಡ ನಿಂತ ಹಂತಕರು ಮೊದಲು ಕೇಳಿದ್ದು ಆ ಚೀಟಿಯನ್ನೇ. ಟುಟ್ಸಿ ಎಂದಿದ್ದರೆ ಅಲ್ಲೇ ಕೊಲ್ಲುತ್ತಿದ್ದರು.

ಮತ್ತೆ ನೆದರ್‌ಲೆಂಡ್ಸ್‌ಗೆ ಬರೋಣ. ಅಲ್ಲಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಕೆಲವರು ಸುಳ್ಳು ಚೀಟಿ ಮಾಡಿಕೊಟ್ಟು ಜನರನ್ನು ಉಳಿಸುತ್ತಿದ್ದರು. ಆದರೆ ಜನರ ವಿವರ ಬರೆದಿಟ್ಟ ನೋಂದಣಿ ಕಚೇರಿಯ ಕಾರ್ಡಿನ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತಿದ್ದರು. ಹಾಗಾಗಿ ಆ ಕಚೇರಿಗೇ ಕೈ ಹಾಕಿದರು. 1943ರ ಮಾರ್ಚ್ 27ರ ರಾತ್ರಿ ಚಿತ್ರಕಾರ ವಿಲ್ಲೆಮ್ ಅರೊಂಡೇಯಸ್, ಶಿಲ್ಪಿ ಗೆರಿಟ್ ಫಾನ್ ಡರ್ ಫೇನ್ ಮತ್ತು ಸಂಗಡಿಗರು ಪೊಲೀಸರ ವೇಷದಲ್ಲಿ ಒಳಹೊಕ್ಕರು. ಕಾವಲುಗಾರರನ್ನು ಕೊಲ್ಲಲಿಲ್ಲ. ನಿದ್ದೆಯ ಇಂಜೆಕ್ಷನ್ ಕೊಟ್ಟು ಪಕ್ಕದ ಮೃಗಾಲಯದ ತೋಟದಲ್ಲಿ ಮಲಗಿಸಿದರು. ಆಮೇಲೆ ಕಾರ್ಡುಗಳಿಗೆ ಬೆಂಕಿ ಇಟ್ಟರು.

ಕೊನೆಗೆ ಸಿಕ್ಕಿಬಿದ್ದರು. ಅರೊಂಡೇಯಸ್ ಸೇರಿ 12 ಜನರನ್ನು ಜುಲೈ 1ರಂದು ಗುಂಡಿಟ್ಟು ಕೊಂದರು. ಹಾಳಾದದ್ದು ಸುಮಾರು ಶೇ. 15ರಷ್ಟು ಕಾರ್ಡು ಮಾತ್ರ. ಅಷ್ಟಾದರೂ ಆಗಿದ್ದಕ್ಕೆ ಬೆಂಕಿಯೊಂದೇ ಕಾರಣವಲ್ಲ. ಅಗ್ನಿಶಾಮಕ ದಳದವರು ಬೇಕೆಂದೇ ತಡವಾಗಿ ಬಂದರು. ಬಂದವರು ಬೇಕಿದ್ದಕ್ಕಿಂತ ಜಾಸ್ತಿ ನೀರು ಹೊಡೆದರು, ಉಳಿದ ಕಾರ್ಡುಗಳೂ ನೆನೆದು ಹೋಗಲಿ ಅಂತ.