ಹೂವು ಬಿಡಿಸುವ ಹೊತ್ತಿಗೆ ಹೊರಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಯುಗಾದಿ ಹತ್ತಿರ ಬಂತು. ಬೇವು ಹೂ ಬಿಟ್ಟಿದೆ. ಮಾವಿನಲ್ಲಿ ಮಿಡಿ ಕಟ್ಟಿದೆ. ಹೊಂಗೆ ಮರ ಹೊಸ ಎಲೆ ಹೊದ್ದು ಹೊಳೆಯುತ್ತಿದೆ. ಈ ಕಾಲದಲ್ಲಿ ಶನಿವಾರ ಬಂತೆಂದರೆ ಮನೆಮನೆಯಲ್ಲೂ ಮಕ್ಕಳದು ಒಂದೇ ರಾಗ, ‘ಎಲ್ಲಾದ್ರೂ ಹೋಗೋಣ ಅಮ್ಮಾ’ ಅಂತ. ಈಚೆಗೆ ಹೂವಿನ ಹೊಲ ನೋಡಬೇಕು ಅನ್ನುವ ಆಸೆ ತುಂಬ ಜನಕ್ಕೆ ಬಂದಿದೆ. ಫೋನಿನಲ್ಲಿ ಯಾರೋ ಹಾಕಿದ ಫೋಟೋ ನೋಡಿರುತ್ತಾರೆ. ಕಣ್ಣು ಹಾಯುವಷ್ಟು ದೂರ ಹಳದಿ ಸೂರ್ಯಕಾಂತಿ. ಕೆಳಗೆ ಗುಂಡ್ಲುಪೇಟೆ ಅಂತ ಬರೆದಿರುತ್ತದೆ. ಮೈಸೂರಿನಿಂದ ಸುಮಾರು 60 ಕಿಲೋಮೀಟರು ತಾನೇ, ಹೊರಟೇಬಿಡುತ್ತಾರೆ. ಚೈತ್ರದಲ್ಲಿ ಅಲ್ಲಿ ಹೋಗಿ ನಿಂತರೆ ಹೆಚ್ಚಿನ ಹೊಲಗಳಲ್ಲಿ ಕಾಣುವುದು ಉತ್ತು ಬಿಟ್ಟ ನೆಲ.

ವಸಂತ ಬಂತು ಅಂದಮೇಲೆ ಹೊಲದಲ್ಲೆಲ್ಲ ಹೂವಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ನಮ್ಮ ಸೀಮೆಯಲ್ಲಿ ಹೂವಿನ ಹೊಲ ನಡೆಯುವುದು ಮಳೆ ಮತ್ತು ನೀರಿನ ಲೆಕ್ಕದಲ್ಲಿ. ನೀರಾವರಿ ಇದ್ದ ಕಡೆ ಈಗ ಮಲ್ಲಿಗೆ, ಕಾಕಡ, ಸುಗಂಧರಾಜ. ಮಳೆ ನಂಬಿದ ಕಡೆ ಹೂವಿಗೆ ಆಷಾಢದವರೆಗೂ ಕಾಯಬೇಕು. ಇದರ ಜೊತೆಗೆ ಇನ್ನೊಂದು ಲೆಕ್ಕ ಇದೆ, ದಿನದ ಹೊತ್ತಿನ ಲೆಕ್ಕ. ನನಗೆ ಅದೇ ಜಾಸ್ತಿ ಮುಖ್ಯ. ಎಲ್ಲಿಗೆ ಹೋಗುತ್ತೀರಿ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಹೋಗುತ್ತೀರಿ ಅನ್ನುವುದನ್ನು ಮೊದಲು ಯೋಚಿಸಿ. ಹೂವು ಬಿಡಿಸುವ ಹೊತ್ತಿಗೆ ನೀವು ಹೊಲದ ಬದುವಿನ ಮೇಲೆ ಇರಬೇಕು. ಹನ್ನೊಂದು ಗಂಟೆ ಬಿಸಿಲಲ್ಲಿ ಹೋದರೆ ಗಿಡ ನೋಡಿ ಬರಬಹುದು, ಅಷ್ಟೇ.

ಮಲ್ಲಿಗೆಯಿಂದಲೇ ಶುರು ಮಾಡುತ್ತೇನೆ. ಮೈಸೂರಿನ ಹೆಸರಿನಲ್ಲೇ ಒಂದು ಮಲ್ಲಿಗೆ ಇದೆ. ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಹಾಗೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಊರು ಬೆಳೆಯುತ್ತಾ ಸುತ್ತಲಿನ ಎಷ್ಟೋ ಮಲ್ಲಿಗೆ ಹೊಲಗಳು ಸೈಟುಗಳಾಗಿ ಹೋದವು. ಅದು ನನಗೆ ನಿಜವಾಗಿ ಹೊಟ್ಟೆ ಉರಿಯುವ ಸಂಗತಿ. ಆದರೂ ಮೈಸೂರಿನ ಅಂಚಿನ ಹಳ್ಳಿಗಳಲ್ಲಿ, ಶ್ರೀರಂಗಪಟ್ಟಣದ ಕಡೆ ಇನ್ನೂ ಮಲ್ಲಿಗೆ ಇದೆ. ಹುಡುಕುವುದು ಕಷ್ಟವಿಲ್ಲ. ಶುಕ್ರವಾರ ಸಂಜೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಿ. ಹೂವು ಕಟ್ಟುತ್ತಾ ಕೂತ ಅಜ್ಜಿಯಿಂದ ಒಂದು ಮಾರು ಹೂವು ಕೊಂಡುಕೊಳ್ಳಿ. ‘ಇದು ಯಾವ ಊರಿನ ಹೂವಜ್ಜಿ?’ ಅಂತ ಕೇಳಿ. ಊರಿನ ಹೆಸರು ಹೇಳುತ್ತಾರೆ, ದಾರಿ ಹೇಳುತ್ತಾರೆ, ಯಾರ ಹೊಲ ಅಂತಲೂ ಹೇಳುತ್ತಾರೆ. ಯಾವ ಫೋನಿನ ನಕ್ಷೆಯಲ್ಲೂ ಇದು ಸಿಗುವುದಿಲ್ಲ. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಪ್ರಯಾಣ ಅಲ್ಲಿಂದಲೇ ಶುರುವಾಗಲಿ.

ಮಲ್ಲಿಗೆ ಗಿಡವನ್ನು ಚಳಿಗಾಲದಲ್ಲಿ ಸವರಿ ಬಿಡುತ್ತಾರೆ. ಆಮೇಲೆ ಗೊಬ್ಬರ, ನೀರು ಕೊಡುತ್ತಾರೆ. ಹೊಸ ಚಿಗುರು ಬಂದು, ಆ ಚಿಗುರಿನ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ಹಾಗಾಗಿ ಬಿಸಿಲು ಏರಿದಂತೆ ಹೂವೂ ಏರುತ್ತದೆ. ಬಿಡಿಸುವುದು ಮೊಗ್ಗನ್ನು, ಅರಳಿದ ಹೂವನ್ನಲ್ಲ. ಇವತ್ತು ಸಂಜೆ ಅರಳಬೇಕಾದ ಮೊಗ್ಗು ಬೆಳಗಿನ ಜಾವಕ್ಕೆ ಬೆಳ್ಳಗೆ ತುಂಬಿಕೊಂಡು ನಿಂತಿರುತ್ತದೆ. ಪಕ್ಕದಲ್ಲೇ ನಾಳಿನ ಮೊಗ್ಗು ಇನ್ನೂ ಹಸಿರು ಮಿಶ್ರ ಬಣ್ಣದಲ್ಲಿರುತ್ತದೆ. ಬಿಡಿಸುವವರ ಬೆರಳಿಗೆ ಆ ವ್ಯತ್ಯಾಸ ಕತ್ತಲಲ್ಲೂ ಗೊತ್ತು. ನಾಳಿನದನ್ನು ಮುಟ್ಟುವುದಿಲ್ಲ. ಸಾವಿರಾರು ಮೊಗ್ಗು ಸೇರಿದರೆ ಒಂದು ಕೆ.ಜಿ. ಕೂಲಿ ಸಾಮಾನ್ಯವಾಗಿ ತೂಕದ ಮೇಲೆ.

ಒಂದು ಸಲ ನಾವು ಹೋದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ನಮ್ಮ ಅತ್ತೆ, ನನ್ನ ಯಜಮಾನರು, ಇಬ್ಬರು ಮಕ್ಕಳು ಎಲ್ಲ ಇದ್ದೆವು. ಹೊಲದಲ್ಲಿ ಅಲ್ಲಲ್ಲಿ ಬೆಳಕಿನ ಚುಕ್ಕಿ ಓಡಾಡುತ್ತಿತ್ತು. ತಲೆಗೆ ಟಾರ್ಚು ಕಟ್ಟಿಕೊಂಡು ಹೆಂಗಸರು ಬಿಡಿಸುತ್ತಿದ್ದರು. ಸೊಂಟಕ್ಕೆ ಸೆರಗಿನ ಮಡಿಲು. ಎರಡೂ ಕೈ ಒಟ್ಟಿಗೆ ಆಡುತ್ತಿತ್ತು. ನನ್ನ ಮಗಳು ಆರನೇ ಕ್ಲಾಸು. ಅವಳೇ ಹೋಗಿ ಮಾತಾಡಿಸಿದಳು.

‘ಎಷ್ಟೊತ್ತಿಗೆ ಬಂದ್ರಿ ಅಕ್ಕ?’

‘ನಾಕೂವರೆಗೇ ಬಂದೋ ಕಣವ್ವ. ಬಿಸ್ಲು ಬಿದ್ರೆ ಮೊಗ್ಗು ಬಾಡೋಯ್ತದೆ. ಏಳ್ಗಂಟೆ ಬಸ್ಸಿಗೆ ಹೂವು ಹೋಗ್ಬೇಕು.’

‘ಸ್ಕೂಲಿಗೆ ಹೋಗೋ ಮಕ್ಕಳಿಗೆ ತಿಂಡಿ ಯಾರು ಮಾಡ್ತಾರೆ?’

‘ಹೋಗಿ ನಾನೇ ಮಾಡ್ಬೇಕು ಇನ್ಯಾರು?’

ಮಗಳು ಆಮೇಲೆ ಸುಮಾರು ಹೊತ್ತು ಅವರ ಹಿಂದೆಯೇ ಸಾಲಿನ ಪಕ್ಕ ನಡೆದಳು. ಮುಡಿಯುವ ಹೂವಿನ ಹಿಂದೆ ಇಷ್ಟು ಜನರ ನಿದ್ದೆ ಹೋಗಿದೆ ಅಂತ ಅವಳಿಗೆ ಅಲ್ಲಿ ಕಣ್ಣಾರೆ ಕಂಡಿತು. ಅತ್ತೆಗೆ ಬೇರೆಯದೇ ಸಂತೋಷ. ಅವರ ತವರಿನಲ್ಲಿ ಮಲ್ಲಿಗೆ ಹೊಲ ಇತ್ತಂತೆ. ಬದುವಿನ ಮೇಲೆ ಕೂತು, ಬಾಳೆ ನಾರು ಹರಿದು, ಬೆರಳು ನೋಡದೆಯೇ ಕಟ್ಟುತ್ತಾ ಕೂತುಬಿಟ್ಟರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ನನ್ನ ಮಗನಿಗೂ ಅವತ್ತೇ ಹೂವು ಕಟ್ಟುವುದು ಬಂತು. ಗಂಡುಮಕ್ಕಳಿಗೂ ಕಲಿಸಿ, ಚೆನ್ನಾಗಿ ಕಟ್ಟುತ್ತಾರೆ.

ಹೊಲಕ್ಕೆ ಇಳಿಯುವ ಮೊದಲು ಕೇಳಬೇಕು. ಇದನ್ನು ನಾನು ತುಂಬ ಒತ್ತಿ ಹೇಳುತ್ತೇನೆ. ‘ಅಣ್ಣ, ಬದುವಿನ ಮೇಲೆ ನಿಂತು ನೋಡ್ಕೋಬೋದಾ?’ ಅಂದರೆ ಬೇಡ ಅನ್ನುವವರು ನನಗಂತೂ ಯಾರೂ ಸಿಕ್ಕಿಲ್ಲ. ಹೂವು ಕೀಳಬೇಡಿ, ಕಾಲು ಕೆ.ಜಿ. ಕೊಂಡುಕೊಳ್ಳಿ. ಮಲ್ಲಿಗೆಗೆ ಮೊಗ್ಗು ಕೊರೆಯುವ ಹುಳದ ಕಾಟ ಜಾಸ್ತಿ, ಔಷಧಿ ಹೊಡೆದಿರುತ್ತಾರೆ. ಸಣ್ಣ ಮಕ್ಕಳು ಹೂವನ್ನು ಬಾಯಿಗಿಡದಂತೆ ನೋಡಿಕೊಳ್ಳಿ. ಬಿಡಿಸುವವರ ಫೋಟೋ ತೆಗೆಯುವುದಾದರೆ ಅವರನ್ನು ಕೇಳಿಯೇ ತೆಗೆಯಿರಿ. ನಮ್ಮ ಅಡುಗೆಮನೆಗೆ ಯಾರಾದರೂ ನುಗ್ಗಿ ಫೋಟೋ ತೆಗೆದರೆ ನಮಗೆ ಹೇಗಾಗುತ್ತದೆ ಹೇಳಿ.

ಹತ್ತಿರದಲ್ಲಿ ಸುಗಂಧರಾಜದ ಹೊಲ ಇದ್ದರೆ ಅದನ್ನೂ ನೋಡಿ. ಗೆಡ್ಡೆ ನೆಟ್ಟು ಬೆಳೆಸುವ ಹೂವು ಅದು. ಒಂದೇ ಸುತ್ತಿನ ಎಸಳಿನದು ಹಾರಕ್ಕೆ, ಹಲವು ಸುತ್ತಿನದು ಕಡ್ಡಿಯ ಸಮೇತ ಮಾರಾಟಕ್ಕೆ. ರಾತ್ರಿ ಅದರ ಘಮ ಹೆಚ್ಚು. ಬೆಳಗಿನ ಜಾವ ಹೋದರೆ ಆ ಘಮ ಇನ್ನೂ ಹೊಲದಲ್ಲೇ ನಿಂತಿರುತ್ತದೆ.

ಏಳೂವರೆ ಎಂಟಕ್ಕೆ ಹೊಲದ ಕೆಲಸ ಮುಗಿಯುತ್ತದೆ. ಬುತ್ತಿ ಬಿಚ್ಚಿ, ಚಿತ್ರಾನ್ನ ಉಂಡು, ಅಲ್ಲಿಂದ ನಂಜನಗೂಡಿನ ದಾರಿ ಹಿಡಿಯಿರಿ. ಫಾಲ್ಗುಣದಲ್ಲಿ ನಂಜನಗೂಡಿನ ದೊಡ್ಡ ಜಾತ್ರೆ. ಅವತ್ತು ಐದು ತೇರು ಎಳೆಯುತ್ತಾರೆ. ಆ ದಿನ ಕಾರಿನಲ್ಲಿ ಊರು ದಾಟುವ ಯೋಚನೆ ಬಿಡಿ. ಹೋದರೆ ಜಾತ್ರೆಗೇ ಅಂತ ಹೋಗಿ. ಸುತ್ತಲಿನ ಹೊಲಗಳ ಹೂವೆಲ್ಲ ತೇರಿನ ಮೇಲೆ ನೋಡಬಹುದು. ಬೇರೆ ದಿನವಾದರೆ ಕಪಿಲೆಯ ದಡದಲ್ಲಿ ಸ್ವಲ್ಪ ಹೊತ್ತು ಕೂತು, ರಸಬಾಳೆ ಸಿಕ್ಕಿದರೆ ಒಂದು ಚಿಪ್ಪು ಹಿಡಿದು ಮುಂದಕ್ಕೆ ಹೋಗಿ.

ಇಲ್ಲಿಂದ ಮುಂದಕ್ಕೆ ವಸಂತ ಇರುವುದು ಮರಗಳ ಮೇಲೆ. ನೆಲದಲ್ಲಿ ಹೂವು ಹುಡುಕುವ ಕಣ್ಣನ್ನು ಸ್ವಲ್ಪ ಮೇಲಕ್ಕೆ ಎತ್ತಿ. ಹೊಂಗೆಯಲ್ಲಿ ನಸುಗೆಂಪು ಬಿಳಿ ಗೊಂಚಲು, ತುಂಬ ಜೇನುಹುಳು. ಹೊಂಗೆ ನೆರಳು ತಾಯಿ ಮಡಿಲು ಅಂತ ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ಊರೆಲ್ಲ ಒಣಗಿದಾಗ ಆ ಮರ ಎಳೆ ಹಸಿರು ಹೊತ್ತು ನಿಂತಿರುತ್ತದೆ. ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಬಂಡೀಪುರದ ಕಡೆ ಹೋದರೆ ಮುತ್ತುಗ. ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನವರೆಗೆ ಅದರ ಕಾಲ. ಎಲೆಯೆಲ್ಲ ಉದುರಿ, ಮರ ಪೂರ್ತಿ ಕೇಸರಿ. ಗೊರವಂಕ, ಕಾಜಾಣ, ಸೂರಕ್ಕಿ ಎಲ್ಲ ಮಕರಂದಕ್ಕೆ ಅಲ್ಲೇ ಜಗಳ ಆಡುತ್ತಿರುತ್ತವೆ. ಊಟದ ಎಲೆ ಹಚ್ಚುವುದು ಇದೇ ಮುತ್ತುಗದ ಎಲೆಯಲ್ಲಿ ಅಂದಾಗ ನನ್ನ ಮಗ ನಂಬಲೇ ಇಲ್ಲ. ಅವನಿಗೆ ಗೊತ್ತಿದ್ದದ್ದು ಒಣಗಿದ ಎಲೆ ಮಾತ್ರ. ಯುಗಾದಿ ಕಳೆದು ವಿಷು ಹಬ್ಬದ ಹೊತ್ತಿಗೆ ಕಕ್ಕೆ ಮರ ಹಳದಿ ಗೊಂಚಲು ಇಳಿಬಿಡುತ್ತದೆ. ಕೇರಳದವರಿಗೆ ಅದು ರಾಜ್ಯದ ಹೂವು, ಹಬ್ಬದ ಬೆಳಗ್ಗೆ ಮೊದಲು ಕಣ್ಣಿಗೆ ಬೀಳಲಿ ಅಂತ ಜೋಡಿಸುವ ವಿಷು ಕಣಿಗೆ ಅದು ಬೇಕೇ ಬೇಕು.

ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು. ಹೂವು ಎಷ್ಟೇ ಚೆಂದ ಇದ್ದರೂ ನಿಲ್ಲಿಸಬೇಡಿ, ನಿಧಾನಕ್ಕೆ ಸಾಗಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುತ್ತದೆ. ಈಗ ಕಾಡು ಒಣಗಿರುವ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದು ಎಷ್ಟು ಕಾಡು ಸುಟ್ಟುಹೋಯಿತು ಅಂತ ನೆನಪಿದೆ ಅಲ್ವಾ? ಬೀಡಿ, ಸಿಗರೇಟಿನ ತುಂಡು ಕಿಟಕಿಯಿಂದ ಆಚೆ ಹೋಗಲೇಬಾರದು. ಕೋತಿಗೆ ತಿಂಡಿ ಎಸೆಯುವುದೂ ಬೇಡ.

ಗುಂಡ್ಲುಪೇಟೆಯ ಆ ಉತ್ತ ನೆಲಕ್ಕೆ ಬರುತ್ತೇನೆ. ಚೈತ್ರದಲ್ಲಿ ಅದನ್ನೂ ನಿಂತು ನೋಡಿ ಅಂತ ನಾನು ಹೇಳುವುದು. ಹೊಲದ ರೈತರು ಅಲ್ಲಿ ಮಳೆ ಕಾಯುತ್ತಿರುತ್ತಾರೆ. ‘ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ’ ಅನ್ನುವ ಗಾದೆ ಇದೆಯಲ್ಲ, ಆ ಭರಣಿ ಬರುವುದು ಏಪ್ರಿಲ್ ಕೊನೆಯಲ್ಲಿ. ಭರಣಿಗೋ ಕೃತ್ತಿಕೆಗೋ ನೆಲ ಹದವಾದರೆ ಸೂರ್ಯಕಾಂತಿ ಬಿತ್ತುತ್ತಾರೆ. ಸುಮಾರು ಎರಡು ತಿಂಗಳಿಗೆ ಹೂವು. ಜೂನ್ ಕೊನೆ, ಜುಲೈ ಅಂದರೆ ಹೊಲಕ್ಕೆ ಹೊಲವೇ ಹಳದಿ. ಒಂದು ಹೊಲ ಚೆನ್ನಾಗಿ ಅರಳಿ ನಿಲ್ಲುವುದು ಕೆಲವೇ ದಿನ. ಆಮೇಲೆ ತಲೆ ತಗ್ಗಿಸಿ ಕಾಳು ಕಟ್ಟಲು ಶುರು. ಹೊರಡುವ ಮುಂಚೆ ಆ ಕಡೆಯ ನಂಟರಿಗೋ ಸ್ನೇಹಿತರಿಗೋ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಸೂರ್ಯಕಾಂತಿಗೂ ಬೆಳಗಿನ ಹೊತ್ತೇ ಸರಿ. ಅದು ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ. ಹಾಗೆ ತಿರುಗುವುದು ಎಳೆಯ ಗಿಡ, ಮೊಗ್ಗು ಇರುವಾಗ ಮಾತ್ರ. ಪೂರ್ತಿ ಅರಳಿದ ಹೂವು ಪೂರ್ವಕ್ಕೇ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಅದರ ಮುಖ ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಾದ ಹೂವಿಗೆ ಜೇನುಹುಳು ಜಾಸ್ತಿ ಬರುತ್ತವೆ. ಮಕ್ಕಳಿಗೆ ಇನ್ನೊಂದು ಆಟ ಹೇಳಿಕೊಡಿ. ಆ ದೊಡ್ಡ ತಟ್ಟೆಯನ್ನು ಹತ್ತಿರದಿಂದ ನೋಡಲಿ. ಅದು ಒಂದು ಹೂವಲ್ಲ, ನೂರಾರು ಪುಟಾಣಿ ಹೂವುಗಳ ಗುಂಪು. ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಅರಳುತ್ತಾ ಹೋಗುತ್ತವೆ. ಒಂದೊಂದಕ್ಕೂ ಒಂದೊಂದು ಬೀಜ. ಕಾಳು ಕಟ್ಟಿದ ಮೇಲೆ ಗಿಣಿಗಳ ದಂಡು ಬರುತ್ತದೆ. ಆಗ ರೈತರ ಮನೆಯವರೆಲ್ಲ ಡಬ್ಬ ಬಡಿಯುತ್ತಾ ಹೊಲ ಕಾಯುತ್ತಾರೆ.

ಪಕ್ಕದ ಹೊಲದಲ್ಲಿ ಚೆಂಡುಹೂವು ಇರುತ್ತದೆ. ಹಬ್ಬಕ್ಕೆ ತೋರಣ ಕಟ್ಟಲು ಇಷ್ಟು ಹೂವೇ ಅಂತ ಮಕ್ಕಳು ಕೇಳುತ್ತಾರೆ. ಇದರಲ್ಲಿ ದೊಡ್ಡ ಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಬಿತ್ತುವ ಮೊದಲೇ ಕಂಪನಿಯವರ ಜೊತೆ ಒಪ್ಪಂದ ಮಾಡಿಕೊಂಡು ಬೆಳೆಯುವವರು ಬಹಳ ಜನ. ಹೂವನ್ನು ಒಣಗಿಸಿ ತೆಗೆದ ಹಳದಿ ಬಣ್ಣ ಕೋಳಿ ಆಹಾರಕ್ಕೂ ಸೇರುತ್ತದೆ. ಮೊಟ್ಟೆಯ ಭಂಡಾರ ಒಳ್ಳೆ ಹಳದಿಯಾಗಿ ಬರಲಿ ಅಂತ. ಓಣಂ ಹತ್ತಿರ ಬಂದಾಗ ಕೇರಳದ ಹೂವಿನ ರಂಗೋಲಿ ಪೂಕ್ಕಳಕ್ಕೂ ಇಲ್ಲಿಂದಲೇ ಲಾರಿ ಹೋಗುತ್ತವೆ. ರಸ್ತೆ ಬದಿಯ ಹೊಲಗಳಲ್ಲಿ ಈಗ ಒಳಗೆ ಬಂದು ಫೋಟೋ ತೆಗೆಯಲು ರೈತರು ಒಂದಿಷ್ಟು ದುಡ್ಡು ಕೇಳುತ್ತಾರೆ. ಕೆಲವರಿಗೆ ಅದಕ್ಕೆ ಸಿಟ್ಟು. ನನಗೆ ಅದು ತೀರಾ ನ್ಯಾಯ ಅನ್ನಿಸುತ್ತದೆ. ದಿನಾ ನೂರು ಜನ ಸಾಲಿನ ಮಧ್ಯೆ ನುಗ್ಗಿದರೆ ಮುರಿಯುವ ಗಿಡ ಯಾರದು? ಕೇಳಿದ್ದನ್ನು ಕೊಡಿ, ಚೌಕಾಸಿ ಬೇಡ.

ಆಷಾಢದ ಶುಕ್ರವಾರಗಳಲ್ಲಿ ಮೈಸೂರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಜನಸಾಗರ. ಗುಂಡ್ಲುಪೇಟೆಗೆ ಭಾನುವಾರ ಇಟ್ಟುಕೊಳ್ಳಿ. ಏಳು ಗಂಟೆಗೆಲ್ಲ ಹೊಲದ ಪೂರ್ವದ ಬದುವಿನಲ್ಲಿ ನಿಂತರೆ ಹೂವೆಲ್ಲ ನಿಮ್ಮ ಕಡೆಗೇ ನೋಡುತ್ತಿರುತ್ತದೆ. ಅಲ್ಲಿಂದ ಹಂಗಳದ ಹತ್ತಿರ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1,454 ಮೀಟರ್ ಎತ್ತರ. ಸ್ವಂತ ಗಾಡಿಯನ್ನು ಮೇಲಕ್ಕೆ ಬಿಡುವುದಿಲ್ಲ, ಬೆಟ್ಟದ ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಅಜ್ಜ ಅಜ್ಜಿಯರು ಜೊತೆಗಿದ್ದರೆ ಒಂದು ಸ್ವೆಟರ್, ಒಂದು ಶಾಲು ಇರಲಿ, ಮೇಲೆ ಮಂಜು, ಗಾಳಿ ಜೋರು. ಭಾನುವಾರ ಬಸ್ಸಿಗೆ ಸಾಲು ಉದ್ದ ಇರುತ್ತದೆ. ಮಧ್ಯಾಹ್ನದೊಳಗೆ ಹೋಗಿ ಇಳಿದುಬಿಟ್ಟರೆ, ಸಂಜೆ ಆರಾಮವಾಗಿ ಮೈಸೂರು ಸೇರಬಹುದು.

ನಮಸ್ಕಾರ.