ಬೆಳಕು ಕಳೆದರೆ ಬಣ್ಣ ಹೆಚ್ಚುತ್ತದಾ?

ಎಲ್ಲರ ಕೈಗೂ ಕೆಂಪು ಬಣ್ಣದ ತೆಳು ಪಾರದರ್ಶಕ ಹಾಳೆ ಬಂತಾ? ಅದನ್ನು ಒಂದು ಕಣ್ಣಿಗೆ ಮಾತ್ರ ಹಿಡಿದುಕೊಳ್ಳಿ, ಇನ್ನೊಂದು ಕಣ್ಣು ತೆರೆದೇ ಇರಲಿ. ಈಗ ಮೇಜಿನ ಮೇಲಿನ ಈ ಕೆಂಪು ಹೂವು, ಪಕ್ಕದ ಹಸಿರೆಲೆ ಎರಡನ್ನೂ ನೋಡಿ. ಹಾಳೆ ಹಿಡಿದ ಕಣ್ಣಿಗೆ ಹೂವು ಹೊಳಪಾಗಿಯೇ ಇದೆ, ಎಲೆ ಮಾತ್ರ ಕಪ್ಪಾಯಿತು, ಅಲ್ವಾ? ಕೆಂಪು, ಹಸಿರು ಒಂದೇ ಥರ ಕಾಣುವವರಿಗೆ ಇದೇ ದೊಡ್ಡ ಸುಳಿವು. ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಗಾಜು ಹಾಕಿ ನೋಡಬಹುದು ಎಂದು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1850ರ ದಶಕದಲ್ಲೇ ಹೇಳಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಗಾಜು ಬೆಳಕನ್ನು ಕಳೆಯುತ್ತದೆ, ಸೇರಿಸುವುದಿಲ್ಲ. ಹಾಗಿದ್ದರೆ ಬಣ್ಣ ಹೆಚ್ಚುವುದು ಹೇಗೆ?

ನಮ್ಮ ಕಣ್ಣಲ್ಲಿ ಬಣ್ಣ ಹಿಡಿಯುವ ಕೋನ್ ಕೋಶಗಳು ಮೂರು ಬಗೆ. ಅವುಗಳಲ್ಲಿ ಎರಡು ಬಗೆ, ಸುಮಾರು 530 ಮತ್ತು 560 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಜಾಸ್ತಿ ಸ್ಪಂದಿಸುವವು, ಅಂದರೆ ಅವು ಹಿಡಿಯುವ ಬೆಳಕು ಮೊದಲೇ ಅಕ್ಕಪಕ್ಕದ್ದು. ಕೆಲವರಲ್ಲಿ ಹುಟ್ಟಿನಿಂದಲೇ ಇವೆರಡರ ಸ್ಪಂದನೆ ಇನ್ನಷ್ಟು ಹತ್ತಿರ ಬಂದಿರುತ್ತದೆ, ಹಾಗಾಗಿ ಮಿದುಳಿಗೆ ಎರಡೂ ಬಗೆಯ ಕೋಶಗಳಿಂದ ಹೆಚ್ಚುಕಡಿಮೆ ಒಂದೇ ಸುದ್ದಿ ತಲುಪುತ್ತದೆ. ಇವರಿಗಾಗಿ ಮಾಡಿದ ಕನ್ನಡಕ ಎರಡೂ ಕೋಶಗಳನ್ನು ಒಟ್ಟಿಗೆ ಕೆಣಕುವ ನಡುವಿನ ಬೆಳಕಿನ ಪಟ್ಟಿಯನ್ನು ತಡೆಯುತ್ತದೆ. ಉಳಿದ ಬೆಳಕಿನಲ್ಲಿ ಕೆಂಪು, ಹಸಿರುಗಳ ಅಂತರ ಎದ್ದು ಕಾಣಲಿ ಎಂಬುದು ಇದರ ಉದ್ದೇಶ.

ಆದರೆ ಒಂದು ಬಗೆಯ ಕೋಶವೇ ಇಲ್ಲದವರಿಗೆ? ಬೇರ್ಪಡಿಸಲು ಅಲ್ಲಿ ಎರಡು ಸುದ್ದಿಯೇ ಇಲ್ಲ. ಸ್ಪೇನಿನ ಗ್ರಾನಡಾ ವಿಶ್ವವಿದ್ಯಾಲಯದವರು 2018ರಲ್ಲಿ ಇಂಥದೊಂದು ಕನ್ನಡಕವನ್ನು ಪರೀಕ್ಷಿಸಿದರು. ಬಣ್ಣಗಳು ಬೇರೆ ಥರ ಕಂಡವು, ಆದರೆ ದೃಷ್ಟಿ ಸಾಮಾನ್ಯರಂತೆ ಆಗಲಿಲ್ಲ. ಇದನ್ನು ಮುಚ್ಚಿಟ್ಟು ಮಾರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ, ಯಾಕೆಂದರೆ ಮಗುವಿಗೆ ಎಲ್ಲ ಬಣ್ಣವೂ ಕಾಣಲಿ ಎಂಬ ಆಸೆಯಿಂದ ಕೊಳ್ಳುವ ತಂದೆತಾಯಿಗೆ ಪೂರ್ತಿ ವಿಷಯ ತಿಳಿಯಲೇಬೇಕು. ಕತ್ತಲಾಗುವ ಹೊತ್ತಿನಲ್ಲಿ ಇದು ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ, ಅದನ್ನೂ ಹೇಳಬೇಕು.

ನನಗೆ ಇನ್ನೂ ಇಷ್ಟವಾದ ಕೆಲಸ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ್ದು. ಮಿಖಾಯಿಲ್ ಕ್ಯಾಟ್ಸ್ ಅವರ ತಂಡ ಸಾಮಾನ್ಯ ದೃಷ್ಟಿಯವರಿಗೇ ಕನ್ನಡಕ ಮಾಡಿತು. ಮೊಬೈಲ್ ಪರದೆಯ ಹಳದಿಯನ್ನೇ ನೋಡಿ, ಅಲ್ಲಿರುವುದು ಕೆಂಪು ಮತ್ತು ಹಸಿರು ಚುಕ್ಕಿಗಳ ಬೆಳಕು. ಹೂವಿನ ಹಳದಿಯ ಬೆಳಕೇ ಬೇರೆ, ಆದರೂ ಎರಡೂ ನಮಗೆ ಒಂದೇ ಥರ ಕಾಣಬಹುದು. ಇಂಥ ಜೋಡಿಗಳಲ್ಲಿ ನಮ್ಮೆಲ್ಲರ ಕಣ್ಣೂ ಸೋಲುತ್ತದೆ. ಅವರು ನೀಲಿ ಭಾಗದ ಬೆಳಕನ್ನು ಎರಡು ಪಾಲು ಮಾಡಿ, ಒಂದೊಂದು ಕಣ್ಣಿಗೆ ಒಂದೊಂದು ಪಾಲು ಬಿಟ್ಟರು. ಆಗ ನೀಲಿ ಹಿಡಿಯುವ ಒಂದೇ ಬಗೆಯ ಕೋಶ ಎರಡು ಬಗೆಯಂತೆ ಕೆಲಸ ಮಾಡುತ್ತದೆ, ಅಂದರೆ ನಾಲ್ಕನೆಯದೊಂದು ಬಂದ ಹಾಗೆ! ಬರಿಗಣ್ಣಿಗೆ ಒಂದೇ ಆಗಿದ್ದ ಕೆಲವು ಬಣ್ಣಗಳು ಬೇರೆಬೇರೆಯಾಗಿ ಕಂಡವು.

ಹಾಗೆ ಕಾಣುವುದು ಹೇಗಿರುತ್ತದೆ ಅಂತೀರಾ? ಹಾಳೆಯನ್ನು ಮತ್ತೆ ಒಂದು ಕಣ್ಣಿಗೆ ಹಿಡಿದು ಎಲೆಯನ್ನೇ ಸ್ವಲ್ಪ ಹೊತ್ತು ನೋಡಿ. ಒಂದು ಕಣ್ಣಿಗೆ ಹಸಿರು, ಇನ್ನೊಂದಕ್ಕೆ ಕಪ್ಪು. ಎರಡೂ ಪೂರ್ತಿ ಬೆರೆಯದೆ ಎಲೆಯ ಮೇಲೆ ಏನೋ ಮಿಣುಕಿದ ಹಾಗೆ ಆಗುತ್ತಿದೆಯಾ? ಎರಡು ಕಣ್ಣಿನ ಸುದ್ದಿ ಬೇರೆಯಾದಾಗ ಮಿದುಳು ಅದನ್ನು ತೋರಿಸುವುದು ಹೀಗೇ.