ಈಗ ಯಾವ ಆಲ್ಬಮ್ ಕೇಳ್ತಿದ್ದೀರಿ?

ಎಲ್ಲರಿಗೂ ನಮಸ್ಕಾರ.

ಹೆವಿ ಮೆಟಲ್, ಅಂದರೆ ಭಾರದ ದನಿಯ ರಾಕ್ ಸಂಗೀತ, ಕೇಳುವ ಇಬ್ಬರು ಎದುರಾದರೆ ಊರು, ಕೆಲಸ ಎಲ್ಲಾ ಆಮೇಲೆ. ಮೊದಲು ಬರುವ ಪ್ರಶ್ನೆ, ಈಗ ಯಾವ ಆಲ್ಬಮ್ ಕೇಳ್ತಿದ್ದೀರಿ ಅನ್ನುವುದು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ಹೇಗಿದೆ? ನಾನು ಇವತ್ತು ಮಾತಾಡುವುದು ಈ ಎರಡನೆಯ ಪ್ರಶ್ನೆಗೆ ನಾವು ಕೊಡುವ ಉತ್ತರದ ಬಗ್ಗೆ.

ಸಾಮಾನ್ಯವಾಗಿ ಏನು ಹೇಳುತ್ತೇವೆ? ಹತ್ತಕ್ಕೆ ಎಂಟು. ಹತ್ತಕ್ಕೆ ಮೂರು. ಮಾಸ್ಟರ್‌ಪೀಸ್. ಕಸ. ಅಲ್ಲಿಗೆ ಮಾತು ಮುಗಿಯಿತು. ನನಗೆ ಇದರಿಂದ ನಿಜವಾಗಿಯೂ ಬೇಜಾರಾಗುತ್ತದೆ. ಎಂಟು ಅಂಕ ಅಂದರೆ ಆ ಆಲ್ಬಮ್ ಒಳಗೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ನಿಮ್ಮ ಕಿವಿಗೆ ಏನು ಬಿತ್ತು ಅಂತ ಹೇಳಿ. ಡ್ರಮ್ ಹೇಗಿತ್ತು? ಗಿಟಾರ್ ಹಾಡುಗಾರನ ದನಿಯ ಮೇಲೇರಿ ಕೂತಿತ್ತಾ? ಯಾವ ಹಾಡಿನಲ್ಲಿ ನಿಮ್ಮ ಗಮನ ಜಾರಿತು? ಇಷ್ಟು ಹೇಳಿದರೆ, ನಿಮ್ಮ ಮಾತನ್ನು ಒಪ್ಪದವನಿಗೂ ಅದು ಉಪಯೋಗಕ್ಕೆ ಬರುತ್ತದೆ.

ಸಣ್ಣ ವಿಷಯ ಅನ್ನಿಸಬಹುದು. ಆದರೆ ಈ ಸಂಗೀತ ಬದುಕಿದ್ದೇ ಒಬ್ಬರು ಇನ್ನೊಬ್ಬರಿಗೆ 'ಇದನ್ನೊಮ್ಮೆ ಕೇಳು' ಅಂದಿದ್ದರಿಂದ.

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಕಥೆ ನಿಮಗೆ ಗೊತ್ತಿರುತ್ತದೆ. ಬರ್ಮಿಂಗ್‌ಹ್ಯಾಮ್‌ನ ಒಂದು ಕಾರ್ಖಾನೆಯಲ್ಲಿ, 17ನೇ ವಯಸ್ಸಿನಲ್ಲಿ, ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಗೈಯಲ್ಲಿ ಮೀಟುವವನು, ಹಾಗಾಗಿ ತಂತಿ ಒತ್ತಬೇಕಾದ ಕೈಯೇ ಕೆಟ್ಟಿತು. ಇನ್ನು ಗಿಟಾರ್ ಮುಗಿಯಿತು ಅಂತ ಕೂತಿದ್ದ. ಆಗ ಕಾರ್ಖಾನೆಯ ಮೇಲಧಿಕಾರಿ ಅವನಿಗೆ ಒಂದು ರೆಕಾರ್ಡ್ ತಂದುಕೊಟ್ಟ. ಕೇಳಲು ಮನಸ್ಸೇ ಇಲ್ಲದ ಹುಡುಗನಿಗೆ ಒತ್ತಾಯ ಮಾಡಿ ಕೇಳಿಸಿದ. ಕೇಳಿದ ಮೇಲೆ ಹೇಳಿದ, ಇದನ್ನು ನುಡಿಸಿದವನು ಎರಡೇ ಬೆರಳಲ್ಲಿ ನುಡಿಸಿದ್ದಾನೆ ಅಂತ. ಅದು ಜಾಂಗೋ ರೈನ್‌ಹಾರ್ಟ್, ಜಾಜ್ ಗಿಟಾರಿಸ್ಟ್. 1928ರಲ್ಲಿ ಬೆಂಕಿ ಅನಾಹುತದಲ್ಲಿ ಅವನ ಎಡಗೈ ಸುಟ್ಟಿತ್ತು.

ಅಯೋಮಿ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳ್ಳಗಿನ ತಂತಿ ಹಾಕಿಕೊಂಡ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ಗಿಟಾರನ್ನೇ ಕೆಳಗಿನ ಶ್ರುತಿಗೆ ಇಳಿಸಿದ್ದ. ತಂತಿ ಸಡಿಲವಾಯಿತು, ಬೆರಳಿಗೆ ಸುಲಭವಾಯಿತು, ದನಿ ಇನ್ನೂ ಭಾರವಾಯಿತು. ಇವತ್ತು ಡೂಮ್, ಸ್ಲಡ್ಜ್, ಸ್ಟೋನರ್ ಅಂತ ಮೆಟಲ್‌ನ ಯಾವ್ಯಾವ ಬಗೆ ಕೇಳುತ್ತೀರೋ ಅದೆಲ್ಲದರ ಬೇರು ಅಲ್ಲಿದೆ. ಆ ಮೇಲಧಿಕಾರಿ ಅಂಕ ಕೊಡಲಿಲ್ಲ ನೋಡಿ. ಆ ಹುಡುಗ ಏನನ್ನು ಗಮನಿಸಬೇಕೋ ಅದನ್ನು ತೋರಿಸಿಕೊಟ್ಟ.

ಅದೇ ಸಬ್ಬತ್‌ನ ಮೊದಲ ಆಲ್ಬಮ್ 1970ರ ಫೆಬ್ರವರಿ 13ರಂದು ಬಂತು. ರೆಕಾರ್ಡಿಂಗ್ ಹೆಚ್ಚುಕಡಿಮೆ ಒಂದೇ ದಿನದ್ದು. 'ರೋಲಿಂಗ್ ಸ್ಟೋನ್' ಪತ್ರಿಕೆ ಅದನ್ನು ಚೆನ್ನಾಗಿ ಬೈದಿತು. ಆದರೂ ಕೇಳುಗರು ಕೊಂಡರು, ಬ್ರಿಟನ್‌ನ ಪಟ್ಟಿಯಲ್ಲಿ ಅದು ಮೊದಲ ಹತ್ತರೊಳಗೆ ಬಂತು. ವಿಮರ್ಶಕರಿಗಿಂತ ಅಭಿಮಾನಿಗಳೇ ಜಾಣರು ಅಂತ ನಾನು ಹೇಳುತ್ತಿಲ್ಲ. ಈ ಸಂಗೀತದ ಮೊದಲ ದಿನದಿಂದಲೂ ಇದರ ಬಗ್ಗೆ ಮಾತಾಡುವ ಕೆಲಸ ಕೇಳುಗರ ಹೆಗಲಿಗೇ ಬಿದ್ದಿದೆ, ಅಷ್ಟೇ.

ಎಂಬತ್ತರ ದಶಕದ ಟೇಪ್ ಟ್ರೇಡಿಂಗ್ ನೋಡಿ. ರೇಡಿಯೋ ಹಾಕುತ್ತಿರಲಿಲ್ಲ, ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬ್ಯಾಂಡುಗಳು ಮಾದರಿಗೆ ಅಂತ ಮಾಡಿದ ಡೆಮೊ ಕ್ಯಾಸೆಟ್ ಕಾಪಿ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಜೊತೆಗೆ ಒಂದು ಪತ್ರ: ಮೂರನೇ ಹಾಡು ಕೇಳು, ಸೋಲೋ ಬಿಡಬೇಡ. 1982ರ ಮೆಟಾಲಿಕಾ ಬ್ಯಾಂಡಿನ ಡೆಮೊ 'ನೋ ಲೈಫ್ ಟಿಲ್ ಲೆದರ್' ಹೀಗೆಯೇ ಕೈಯಿಂದ ಕೈಗೆ ಓಡಾಡಿತು. ನ್ಯೂಜೆರ್ಸಿಯ ಸಂತೆಯಲ್ಲಿ ರೆಕಾರ್ಡ್ ಅಂಗಡಿ ಇಟ್ಟಿದ್ದ ಜಾನ್ ಝಝೂಲಾ ಕೈಗೂ ಅದು ಬಂತು. ಅವನು ಬ್ಯಾಂಡನ್ನು ಕರೆಸಿಕೊಂಡ. ಯಾವ ಕಂಪನಿಯೂ ಮುಂದೆ ಬರದಿದ್ದಾಗ ತಾನೇ ಮೆಗಾಫೋರ್ಸ್ ಅನ್ನುವ ರೆಕಾರ್ಡ್ ಕಂಪನಿ ಶುರು ಮಾಡಿ 1983ರಲ್ಲಿ ಅವರ ಆಲ್ಬಮ್ 'ಕಿಲ್ ಎಮ್ ಆಲ್' ಹೊರತಂದ. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಚ್ ಕೂಡ ಮೊದಲು ಇಂಥದೇ ಒಬ್ಬ ಹುಚ್ಚು ಕೇಳುಗ, ಟೇಪ್ ಬದಲಾಯಿಸಿಕೊಳ್ಳುತ್ತಿದ್ದವನು.

ಈಗ ಕಿವಿಯ ವಿಷಯಕ್ಕೆ ಬರೋಣ. ಮೆಟಲ್ ಅಂದರೆ ಸುಮ್ನೆ ಗದ್ದಲ, ಇದನ್ನು ಕೇಳುವವರಿಗೆ ಸೂಕ್ಷ್ಮ ತಿಳಿಯುವುದಿಲ್ಲ ಅನ್ನುವವರು ಇದ್ದಾರೆ. ಅವರಿಗೆ ನಾನು ಎರಡು ಆಲ್ಬಮ್ ತೋರಿಸುತ್ತೇನೆ, ಎರಡೂ ಮೆಟಾಲಿಕಾದ್ದೇ.

ಒಂದು, 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'. ಕೆಳಸ್ಥಾಯಿಯ ಬೇಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ತೀರಿಹೋದ ಮೇಲೆ ಬಂದ ಜೇಸನ್ ನ್ಯೂಸ್ಟೆಡ್‌ಗೆ ಅದು ಬ್ಯಾಂಡಿನ ಜೊತೆ ಮೊದಲ ಪೂರ್ತಿ ಆಲ್ಬಮ್. ಆದರೆ ಅವನ ಬೇಸ್ ಕೇಳಿಸುವುದೇ ಇಲ್ಲ! ಗಿಟಾರ್ ಒಣಗಿದ ಹಾಗೆ, ಡ್ರಮ್ ಟಕ್ ಟಕ್ ಅಂತ, ನಡುವೆ ಏನೂ ಇಲ್ಲ. ಅಭಿಮಾನಿಗಳು ಇವತ್ತಿಗೂ ಈ ಜಗಳ ಬಿಟ್ಟಿಲ್ಲ. ಕೆಲವರಂತೂ ಬೇಸ್ ಮೇಲೆತ್ತಿ ತಮ್ಮದೇ ಆವೃತ್ತಿ ಮಾಡಿಕೊಂಡಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆ ಬರಡುತನ ಆ ಹಾಡುಗಳ ಸಿಟ್ಟಿಗೆ ಹೊಂದುತ್ತದೆ. ಅದರ ಜೊತೆಗೇ, ನುಡಿಸಿದವನಿಗೆ ಅನ್ಯಾಯವಾಗಿದೆ. ಎರಡನ್ನೂ ಒಟ್ಟಿಗೆ ಹೇಳಬಹುದು ಅಲ್ವಾ? ಹತ್ತಕ್ಕೆ ಇಷ್ಟು ಅಂತ ಹೇಳಿದರೆ ಈ ಎರಡೂ ಕಳೆದುಹೋಗುತ್ತವೆ.

ಇನ್ನೊಂದು, 2008ರ 'ಡೆತ್ ಮ್ಯಾಗ್ನೆಟಿಕ್'. ಹಾಡುಗಳು ಚೆನ್ನಾಗಿವೆ, ಆದರೆ ದನಿ ಒಡೆದಂತಿದೆ, ಕಿವಿ ಬೇಗ ಸುಸ್ತಾಗುತ್ತದೆ ಅಂತ ಕೇಳುಗರು ಹೇಳತೊಡಗಿದರು. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಆಟದಲ್ಲೂ ಬಂದಿದ್ದವು. ಅಲ್ಲಿ ಕೇಳಿದರೆ ಉಸಿರಾಡಲು ಜಾಗ ಇದೆ, ಡ್ರಮ್ ಡ್ರಮ್ಮಿನ ಹಾಗೇ ಕೇಳಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತರಂಗದ ಚಿತ್ರ ನೋಡಿದರು. ಸಿಡಿಯದ್ದು ಮೇಲೆ ಕೆಳಗೆ ಕತ್ತರಿಸಿದ ಇಟ್ಟಿಗೆ ಗೋಡೆ. ದನಿಯ ಮಟ್ಟವನ್ನು ಎಷ್ಟು ಏರಿಸಿದ್ದರೆಂದರೆ ಮೆಲ್ಲಗಿನದು, ಜೋರಿನದು ಅನ್ನುವ ಅಂತರವೇ ಉಳಿದಿರಲಿಲ್ಲ. ದನಿಗಳನ್ನು ಮತ್ತೆ ಹೊಂದಿಸಿ, ಮಿಕ್ಸ್ ಮಾಡಿ ಅಂತ ಸಾವಿರಾರು ಮಂದಿ ಸಹಿ ಹಾಕಿದರು. ಆಲ್ಬಮ್‌ಗಳ ದನಿಯನ್ನು ಹೀಗೆ ಏರಿಸುತ್ತಾ ಹೋಗುವ ಪೈಪೋಟಿಯ ಬಗ್ಗೆ ಸ್ಟುಡಿಯೋ ಮಂದಿ ಮೊದಲೇ ದೂರುತ್ತಿದ್ದರು. ಆದರೆ ಅದು ಎಲ್ಲರ ಬಾಯಲ್ಲೂ ಬಂದಿದ್ದಕ್ಕೆ ಈ ಕೇಳುಗರ ಗಲಾಟೆಯ ಪಾಲು ದೊಡ್ಡದು. 'ಸೌಂಡ್ ಸರಿ ಇಲ್ಲ' ಅಂತಷ್ಟೇ ಹೇಳಿ ಬಿಟ್ಟಿದ್ದರೆ ಇದು ಇಷ್ಟು ದೂರ ಬರುತ್ತಿರಲಿಲ್ಲ.

ಹಾಗಂತ ಸ್ವಚ್ಛ ದನಿಯೇ ಒಳ್ಳೆಯ ದನಿ ಅಂದುಕೊಳ್ಳಬೇಡಿ. ಡಾರ್ಕ್‌ಥ್ರೋನ್‌ನ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ಕೇಳಿ. ನಾಲ್ಕೇ ಟ್ರ್ಯಾಕಿನ ಸಾದಾ ಯಂತ್ರದಲ್ಲಿ ರೆಕಾರ್ಡ್ ಮಾಡಿದ್ದು, ವಾದ್ಯಗಳನ್ನೆಲ್ಲ ಫೆನ್ರಿಜ್ ಒಬ್ಬನೇ ನುಡಿಸಿದ್ದು. ತೆಳು, ಮಸುಕು, ಒಂದೇ ವೇಗ. ಅದಕ್ಕೆ ದುಬಾರಿ ಸ್ಟುಡಿಯೋ ದನಿ ಕೊಟ್ಟಿದ್ದರೆ ಆ ಚಳಿ ಇರುತ್ತಿರಲಿಲ್ಲ. ಡೆತ್ ಮ್ಯಾಗ್ನೆಟಿಕ್‌ನಲ್ಲಿ ದನಿ ಹಾಡಿಗೆ ಅಡ್ಡ ಬರುತ್ತದೆ. ಇಲ್ಲಿ ದನಿಯೇ ಹಾಡು.

ಉದ್ದದ ಬಗ್ಗೆಯೂ ಒಂದು ಮಾತು. ಸ್ಲೇಯರ್‌ನ 1986ರ 'ರೇನ್ ಇನ್ ಬ್ಲಡ್' ಪೂರ್ತಿ ಸುಮಾರು 29 ನಿಮಿಷ. ಕ್ಯಾಸೆಟ್ಟಿನ ಒಂದೇ ಬದಿಯಲ್ಲಿ ಮುಗಿಯಿತು, ಇನ್ನೊಂದು ಬದಿಯಲ್ಲಿ ಅದನ್ನೇ ಮತ್ತೆ ಹಾಕಿದ್ದರು. ಸ್ಲೀಪ್‌ನ 'ಡೋಪ್‌ಸ್ಮೋಕರ್' ಒಂದೇ ಹಾಡು, ಒಂದು ಗಂಟೆಗಿಂತ ಜಾಸ್ತಿ. ಎರಡಕ್ಕೂ ಒಂದೇ ಅಳತೆಗೋಲು ಹಿಡಿದರೆ ಎರಡೂ ದಕ್ಕುವುದಿಲ್ಲ. ಡೋಪ್‌ಸ್ಮೋಕರ್ ಕೇಳಿ 'ಬೋರು' ಅಂದವರನ್ನು ನಾನು ಕೇಳುವುದು ಒಂದೇ: ಕೂತು ಪೂರ್ತಿ ಕೇಳಿದಿರಾ, ಇಲ್ಲಾ ಬೇರೇನೋ ಮಾಡುತ್ತಾ ಹಿಂದೆ ಓಡಲು ಬಿಟ್ಟಿರಾ?

ನಮ್ಮ ಅಭಿಪ್ರಾಯವನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ನಿರೀಕ್ಷೆ. ಹಾಡುಗಾರ ಬ್ರೂಸ್ ಡಿಕಿನ್ಸನ್ ಬಿಟ್ಟುಹೋದ ಮೇಲೆ ಐರನ್ ಮೇಡನ್ 1995ರಲ್ಲಿ ಬ್ಲೇಜ್ ಬೇಯ್ಲಿ ಜೊತೆ 'ದಿ ಎಕ್ಸ್ ಫ್ಯಾಕ್ಟರ್' ಮಾಡಿತು. ಕತ್ತಲು ತುಂಬಿದ, ನಿಧಾನದ ಆಲ್ಬಮ್. ಬಹಳ ಮಂದಿ ಕೇಳಿದ್ದು ಅದರಲ್ಲಿ ಇಲ್ಲದ ದನಿಯನ್ನು. ಬೇಯ್ಲಿಯದು ಕೆಳಗಿನ ಸ್ಥಾಯಿಯ ದನಿ, ಡಿಕಿನ್ಸನ್ ಏರುವ ಎತ್ತರಕ್ಕೆ ಅದು ಹೋಗುವುದಿಲ್ಲ. ನಾಲ್ಕು ವರ್ಷದ ಬಳಿಕ ಡಿಕಿನ್ಸನ್ ವಾಪಸ್ ಬಂದ. 2001ರ ಜನವರಿಯಲ್ಲಿ ರಿಯೋದಲ್ಲಿ ಲಕ್ಷಾಂತರ ಜನರ ಮುಂದೆ ಬ್ಯಾಂಡ್ ಆ ಆಲ್ಬಮ್‌ನ 'ಸೈನ್ ಆಫ್ ದಿ ಕ್ರಾಸ್' ನುಡಿಸಿತು. ಹಾಡು ಎಷ್ಟು ಗಟ್ಟಿ ಅಂತ ಆಗ ಬಹಳ ಜನರಿಗೆ ಕೇಳಿಸಿತು. ಹಾಡು ಬದಲಾಗಿರಲಿಲ್ಲ. ಇವತ್ತು ಆ ಆಲ್ಬಮ್ಮನ್ನು ಪ್ರೀತಿಯಿಂದ ಕೇಳುವವರು ಎಷ್ಟೋ ಮಂದಿ ಇದ್ದಾರೆ, ಅವರಲ್ಲಿ ನಾನೂ ಒಬ್ಬ.

ಓಪೆತ್ 2011ರ 'ಹೆರಿಟೇಜ್'ನಲ್ಲಿ ಗ್ರೌಲ್, ಅಂದರೆ ಗುರುಗುಟ್ಟುವ ದನಿಯ ಹಾಡಿಕೆ, ಬಿಟ್ಟಾಗಲೂ ಹೀಗೇ ಆಯಿತು. ಗ್ರೌಲ್ ಇಲ್ಲ ಅನ್ನುವುದೇ ವಿಮರ್ಶೆಯಾಯಿತು. ಮೆಲೊಟ್ರಾನ್ ಅನ್ನುವ ಹಳೆಯ ಕೀಬೋರ್ಡ್ ಬಗ್ಗೆ, ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್ ಛಾಯೆಯ ಬಗ್ಗೆ ಮಾತಾಡಿದವರು ಕಡಿಮೆ. 2024ರ ಆಲ್ಬಮ್‌ನಲ್ಲಿ ಗ್ರೌಲ್ ಮರಳಿ ಬಂತು, ಖುಷಿ ಪಟ್ಟವರ ಸದ್ದು ನಾವೆಲ್ಲ ಕೇಳಿದ್ದೇವೆ. ಖುಷಿ ಪಡಲಿ. ಆದರೆ ಆ ಮಧ್ಯದ ಆಲ್ಬಮ್‌ಗಳಿಗೂ ಒಂದು ಸಲ ಕಿವಿ ಕೊಡಲಿ ಅಂತ ನನ್ನ ಆಸೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದನ್ನೂ ಮುಂದಿಡಬೇಕು. ಈ ವಾರ ನನ್ನ ಹೆಡ್‌ಫೋನಿನಲ್ಲಿರುವುದು ಡೆತ್ ಬ್ಯಾಂಡಿನ 'ಸಿಂಬಾಲಿಕ್', 1995ರದ್ದು. ಬ್ಯಾಂಡಿನ ಮುಖ್ಯಸ್ಥ ಚಕ್ ಶುಲ್ಡಿನರ್ ಬರೆದದ್ದರಲ್ಲಿ ಇದರ ಹಾಡುಗಳೇ ಅತ್ಯಂತ ಗಟ್ಟಿ ಅಂತ ನನಗನ್ನಿಸುತ್ತದೆ. ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರ್ ತುಣುಕು, ಒಂದು ಸಲ ಕೇಳಿದರೆ ಸಾಕು, ನೆನಪಲ್ಲಿ ಉಳಿಯುತ್ತದೆ. ಆದರೂ ಯಾವ ಹಾಡೂ ಸಲೀಸಾದ ದಾರಿ ಹಿಡಿಯುವುದಿಲ್ಲ. ಜೀನ್ ಹೊಗ್ಲನ್ ಡ್ರಮ್ ಇಲ್ಲಿ ಎರಡನೆಯ ಹಾಡುಗಾರ. ಸಿಂಬಲ್ ಮೇಲಿನ ಅವನ ಕೈಯನ್ನು ಮಾತ್ರ ಹಿಂಬಾಲಿಸಿ ಒಮ್ಮೆ ಕೇಳಿ, ಬೇರೆಯೇ ಆಲ್ಬಮ್ ಸಿಗುತ್ತದೆ. ಕೊನೆಯ ಹಾಡು 'ಪೆರೇನಿಯಲ್ ಕ್ವೆಸ್ಟ್' ಅಕೂಸ್ಟಿಕ್ ಗಿಟಾರ್‌ನಲ್ಲಿ ಮುಗಿಯುವ ರೀತಿ ನನಗೆ ತುಂಬಾ ಇಷ್ಟ.

ಕೊರತೆ ಎಲ್ಲಿ? ಬೇಸ್‌ನಲ್ಲಿ. ಹಿಂದಿನ ಆಲ್ಬಮ್, 1993ರ 'ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್'ನಲ್ಲಿ ಸ್ಟೀವ್ ಡಿಜಾರ್ಜಿಯೋನ ಬೇಸ್, ಗಿಟಾರ್ ಜೊತೆ ಮಾತಿಗೆ ಮಾತು ಕೊಡುತ್ತದೆ. ಸಿಂಬಾಲಿಕ್‌ನಲ್ಲಿ ಅದು ಗಿಟಾರ್ ಹಿಂದೆ ನಿಂತುಬಿಡುತ್ತದೆ. ಹಾಗಾಗಿ ಹಾಡಿಗೆ ಸಿಂಬಾಲಿಕ್, ವಾದ್ಯಗಳ ಸಂಭಾಷಣೆಗೆ ಅದರ ಹಿಂದಿನದು ಅನ್ನುವುದು ನನ್ನ ಮಾತು.

ಇದನ್ನು ಒಪ್ಪದವರು ಇಲ್ಲಿ ಖಂಡಿತ ಇದ್ದೀರಿ. ಇದೇ ಬ್ಯಾಂಡಿನ 1991ರ 'ಹ್ಯೂಮನ್' ಈ ಎರಡಕ್ಕಿಂತ ಮೇಲು ಅನ್ನುವವರೂ ಇರುತ್ತೀರಿ. ಮೈಕ್ ಮೊದಲು ನಿಮಗೇ. ಯಾವ ಹಾಡು, ಅದರಲ್ಲಿ ಏನು ಕೇಳಿಸಿತು, ಅಲ್ಲಿಂದ ಶುರು ಮಾಡಿ.